ನೀಲಗಿರಿಯಿಂದ ಕ್ರೇಗ್‌ಲಾಕ್‌ಹಾರ್ಟ್‌ಗೆ: ಡಾಕ್ಟರ್ ರಿವರ್ಸ್ ಕೇಳಿಸಿಕೊಂಡದ್ದು



ಹೋದ ಬೇಸಗೆಯಲ್ಲಿ ಎಡಿನ್‌ಬರೋಗೆ ಹೋಗಿದ್ದಾಗ ಎಲ್ಲರೂ ಕೋಟೆ ನೋಡಲು ಹೊರಟರೆ ನಾನೊಬ್ಬ ಬಸ್ಸು ಹಿಡಿದು ಕ್ರೇಗ್‌ಲಾಕ್‌ಹಾರ್ಟ್‌ಗೆ ಹೋದೆ. ಮನೆಯವರ ಪ್ರಕಾರ ಇದು ನನ್ನ ಹಳೆಯ ಖಾಯಿಲೆ. ಪುಸ್ತಕದಲ್ಲಿ ಓದಿದ ಜಾಗವನ್ನು ಕಣ್ಣಾರೆ ಕಾಣದಿದ್ದರೆ ನನಗೆ ಊಟ ಸೇರುವುದಿಲ್ಲವಂತೆ.

ಗುಡ್ಡದ ಇಳಿಜಾರಿನಲ್ಲಿ ಉದ್ದಕ್ಕೆ ಚಾಚಿಕೊಂಡ ಕಲ್ಲಿನ ಕಟ್ಟಡ ಅದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಉಳ್ಳವರು ಜಲಚಿಕಿತ್ಸೆಗೆಂದು ಬಂದು ತಂಗುತ್ತಿದ್ದ ಹೋಟೆಲು. ಈಗ ನೇಪಿಯರ್ ವಿಶ್ವವಿದ್ಯಾಲಯದ ಒಂದು ಕ್ಯಾಂಪಸ್ಸು. ನಡುವೆ, 1916ರಿಂದ 1919ರವರೆಗೆ, ಮೊದಲ ಮಹಾಯುದ್ಧದಲ್ಲಿ ಮನಸ್ಸು ಮುರಿದುಕೊಂಡು ಬಂದ ಬ್ರಿಟಿಷ್ ಸೇನಾಧಿಕಾರಿಗಳ ಆಸ್ಪತ್ರೆಯಾಗಿತ್ತು. ಹಗಲು ಗಾಲ್ಫು, ಟೆನಿಸ್ಸು, ನಾಟಕ. ರಾತ್ರಿಯಾದರೆ ಕೋಣೆಕೋಣೆಯಿಂದ ಕಿರುಚಾಟ. ಸಸೂನ್ ತನ್ನ ಪುಸ್ತಕದಲ್ಲಿ ಚಿತ್ರಿಸಿರುವುದು ಈ ಎರಡು ಮುಖಗಳನ್ನೇ.

ಬಿ.ಎ.ಯಲ್ಲಿ ಇಂಗ್ಲಿಷ್ ಐಚ್ಛಿಕ ತೆಗೆದುಕೊಂಡವರಿಗೆ ಸೀಗ್‌ಫ್ರೀಡ್ ಸಸೂನ್, ವಿಲ್‌ಫ್ರೆಡ್ ಓವೆನ್ ಎಂಬ ಎರಡು ಹೆಸರು ನೆನಪಿರಬೇಕು. 1917ರ ಜೂನ್‌ನಲ್ಲಿ ಓವೆನ್, ಜುಲೈನಲ್ಲಿ ಸಸೂನ್ ಇಲ್ಲಿಗೆ ಬಂದರು. ಸಸೂನನದು ವಿಚಿತ್ರ ಪ್ರಕರಣ. ಮಿಲಿಟರಿ ಕ್ರಾಸ್ ಪಡೆದ ಆ ಶೂರ, ಯುದ್ಧವನ್ನು ನಿಲ್ಲಿಸಬಲ್ಲವರೇ ಬೇಕೆಂದು ಎಳೆಯುತ್ತಿದ್ದಾರೆ ಎಂದು ಬಹಿರಂಗ ಹೇಳಿಕೆ ಕೊಟ್ಟ. ಅದನ್ನು ಪಾರ್ಲಿಮೆಂಟಿನಲ್ಲಿ ಓದಿದ್ದೂ ಆಯಿತು. ಕೋರ್ಟ್ ಮಾರ್ಷಲ್ ಮಾಡಿದರೆ ಹುತಾತ್ಮನಾಗುತ್ತಾನೆ, ಹುಚ್ಚನೆಂದರೆ ಸುಲಭ. ಗೆಳೆಯ ರಾಬರ್ಟ್ ಗ್ರೇವ್ಸ್ ಓಡಾಡಿ, ಅವನನ್ನು ವೈದ್ಯಕೀಯ ಮಂಡಳಿಯ ಮುಂದೆ ನಿಲ್ಲಲು ಒಪ್ಪಿಸಿದ. ಓವೆನ್ ಆಗ ಹೆಸರಿಲ್ಲದ ಹುಡುಗ. ಅವನ ಡಾಕ್ಟರ್ ಆರ್ಥರ್ ಬ್ರಾಕ್‌ಗೆ, ಮನುಷ್ಯನನ್ನು ಸುತ್ತಲಿನ ಬದುಕಿಗೆ ಮರಳಿ ಜೋಡಿಸುವುದು ಕೆಲಸವೇ ಎಂಬ ನಂಬಿಕೆ. ಹಾಗಾಗಿ ಓವೆನ್ ಆಸ್ಪತ್ರೆಯ ಪತ್ರಿಕೆ 'ದಿ ಹೈಡ್ರಾ'ದ ಸಂಪಾದಕನಾದ, ಹತ್ತಿರದ ಶಾಲೆಯೊಂದರಲ್ಲಿ ಪಾಠವನ್ನೂ ಹೇಳಿದ. (ಸಂಘದ ಪತ್ರಿಕೆಯ ಸಂಪಾದಕತ್ವವೂ ಒಂದು ಚಿಕಿತ್ಸೆ ಎಂಬುದನ್ನು ನಮ್ಮ ಸಂಪಾದಕರು ಗಮನಿಸಬೇಕು!)

ಸಸೂನನ ಡಾಕ್ಟರು ಡಬ್ಲ್ಯೂ. ಎಚ್. ಆರ್. ರಿವರ್ಸ್. ನಾನು ಬಸ್ಸು ಹತ್ತಿದ್ದು ಕವಿಗಳಿಗಿಂತ ಹೆಚ್ಚಾಗಿ ಈತನಿಗಾಗಿ.

1864ರಲ್ಲಿ ಹುಟ್ಟಿದ ರಿವರ್ಸ್‌ಗೆ ಬಾಲ್ಯದಿಂದ ಉಗ್ಗು. ತಂದೆ ಉಗ್ಗು ಬಿಡಿಸುವ ಕೆಲಸದವರು, ಮಗನ ಉಗ್ಗು ಮಾತ್ರ ಹೋಗಲಿಲ್ಲ. ವೈದ್ಯಕೀಯ ಓದಿ, ಮನಶ್ಶಾಸ್ತ್ರಕ್ಕೆ ಹೊರಳಿ, 1898ರಲ್ಲಿ ಕೇಂಬ್ರಿಜ್ ತಂಡದೊಂದಿಗೆ ಟಾರೆಸ್ ಜಲಸಂಧಿಯ ದ್ವೀಪಗಳಿಗೆ ಹೋದ. ಅಲ್ಲಿಂದ ಮಾನವಶಾಸ್ತ್ರದ ಹುಚ್ಚು. 1901-02ರಲ್ಲಿ ಆತ ಬಂದದ್ದು ನಮ್ಮ ಮೈಸೂರಿನ ಬೆನ್ನಿಗೇ ಇರುವ ನೀಲಗಿರಿಗೆ. ಕನ್ನಡದ ಒಡಹುಟ್ಟಿನಂಥ ನುಡಿಯಾಡುವ ಬಡಗರ ನೆರೆಯಲ್ಲೇ ಎಮ್ಮೆ ಸಾಕಿಕೊಂಡು ಬಾಳುವ ತೋಡರ ನಡುವೆ ಕೆಲವು ತಿಂಗಳು ಇದ್ದು, ದುಭಾಷಿಗಳ ನೆರವಿನಿಂದ ಅವರ ವಂಶಾವಳಿಗಳನ್ನು ಬರೆದುಕೊಂಡ. 'ದಿ ತೋಡಾಸ್' ಗ್ರಂಥ 1906ರಲ್ಲಿ ಬಂತು.

ವಂಶಾವಳಿ ಬರೆಯಲು ಕೂತಾಗ ಒಂದು ತೊಡಕು ಎದುರಾಯಿತು. ತೀರಿಕೊಂಡ ತಮ್ಮ ಬಂಧುಗಳ ಹೆಸರನ್ನು ತೋಡರು ಬಾಯಿಬಿಟ್ಟು ಹೇಳುವಂತಿಲ್ಲ, ಅದು ನಿಷೇಧ. ಒಬ್ಬನ ಅಜ್ಜನ ಹೆಸರು ಬೇಕೆಂದರೆ ಇನ್ನೊಬ್ಬನನ್ನು ಕೇಳಬೇಕು. ಹೇಳಬಾರದ್ದನ್ನು ಹೇಳಿಸದೆ, ಆದರೆ ಬಿಟ್ಟೂ ಬಿಡದೆ, ಸುತ್ತುಬಳಸಿ ಸತ್ತವರನ್ನು ತಲುಪುವ ಕೆಲಸ. ಹದಿನೈದು ವರ್ಷಗಳ ನಂತರ ಸ್ಕಾಟ್ಲೆಂಡಿನಲ್ಲಿ ಆತ ಮಾಡಿದ್ದೂ ಬಹುಮಟ್ಟಿಗೆ ಅದೇ ಎಂದು ನನಗನ್ನಿಸುತ್ತದೆ. ರಿವರ್ಸ್ ಹಾಗೆಂದು ಹೇಳಿಕೊಂಡಿದ್ದಾನೆಂದಲ್ಲ, ಇದು ನನ್ನ ಊಹೆ.

'ಶೆಲ್ ಶಾಕ್' ಎಂಬ ಹೆಸರು ಅಚ್ಚಾದದ್ದು 1915ರಲ್ಲಿ, 'ಲ್ಯಾನ್ಸೆಟ್' ಪತ್ರಿಕೆಯಲ್ಲಿ, ಚಾರ್ಲ್ಸ್ ಮೈಯರ್ಸ್ ಬರೆದ ಲೇಖನದಿಂದ. ಈತನೂ ಟಾರೆಸ್ ತಂಡದಲ್ಲಿದ್ದವನೇ. ಗುಂಡು ಸಿಡಿದಾಗ ಮಿದುಳು ಅಲುಗಾಡಿ ಹೀಗಾಗುತ್ತದೆ ಎಂದು ಮೊದಲಿಗೆ ಅಂದುಕೊಂಡರು. ಆದರೆ ಸಿಡಿತದ ಹತ್ತಿರವೂ ಇರದಿದ್ದವರು ಮೂಕರಾಗುತ್ತಿದ್ದರು, ಕೈಕಾಲು ಸ್ವಾಧೀನ ತಪ್ಪುತ್ತಿದ್ದವು. ಹಾಗಾದರೆ ಇದು ಹೇಡಿತನವೇ? ಸೇನೆಯ ಬಹಳ ಮಂದಿಗೆ ಆ ಉತ್ತರವೇ ಇಷ್ಟವಾಗಿತ್ತು. ಪಲಾಯನ, ಹೇಡಿತನ ಮುಂತಾದ ಆರೋಪಗಳ ಮೇಲೆ ಬ್ರಿಟಿಷ್ ಸೇನೆ ಗುಂಡಿಕ್ಕಿ ಕೊಂದ ತನ್ನದೇ 306 ಸೈನಿಕರಿಗೆ ಕ್ಷಮೆ ಸಿಕ್ಕಿದ್ದು 2006ರಲ್ಲಿ. ಕೇಳಿಸಿಕೊಳ್ಳಲು ಆಗ ಯಾರು ಉಳಿದಿದ್ದರು?

ಲಂಡನ್ನಿನ ಕ್ವೀನ್ ಸ್ಕ್ವೇರ್ ಆಸ್ಪತ್ರೆಯಲ್ಲಿ ಲೂಯಿಸ್ ಯೆಲ್ಯಾಂಡ್ ಎಂಬ ವೈದ್ಯ ವಿದ್ಯುತ್ತಿನಿಂದ ಮಾತು ಬರಿಸುತ್ತಿದ್ದ. ಅನೇಕ ಕದನಗಳನ್ನು ಕಂಡು ಮೂಕನಾದ 24ರ ಸಿಪಾಯಿಯೊಬ್ಬನನ್ನು ಕತ್ತಲೆ ಕೋಣೆಯಲ್ಲಿ ಕೂಡಿಹಾಕಿ, ಮಾತಾಡುವ ತನಕ ಹೊರಗೆ ಬಿಡುವುದಿಲ್ಲವೆಂದು ಹೇಳಿ, ಗಂಟಲ ಹಿಂಭಾಗಕ್ಕೆ ಗಂಟೆಗಟ್ಟಲೆ ವಿದ್ಯುತ್ ಕೊಟ್ಟದ್ದನ್ನು ಯೆಲ್ಯಾಂಡ್ 1918ರ ತನ್ನ ಪುಸ್ತಕದಲ್ಲಿ ಹೆಮ್ಮೆಯಿಂದಲೇ ಬರೆದಿದ್ದಾನೆ. ಸಿಪಾಯಿ ಮಾತಾಡಿದ. ಅಧಿಕಾರಿಗೆ ಗಾಲ್ಫು, ಸಿಪಾಯಿಗೆ ಕರೆಂಟು ಎಂದು ಕಟಕಿಯಾಡಬಹುದು. ಪೂರ್ತಿ ನ್ಯಾಯವಾಗದು, ಏಕೆಂದರೆ ಸಾಮಾನ್ಯ ಸೈನಿಕರಿಗಾಗಿದ್ದ ಮೇಗಲ್ ಆಸ್ಪತ್ರೆಯಲ್ಲಿ ಮಾತಿನ ಚಿಕಿತ್ಸೆಯೇ ನಡೆಯುತ್ತಿತ್ತು. ರಿವರ್ಸ್ ಮೊದಲು ಕೆಲಸ ಮಾಡಿದ್ದೂ ಅಲ್ಲೇ.

1917ರ ಡಿಸೆಂಬರ್‌ನಲ್ಲಿ ರಿವರ್ಸ್ ಲಂಡನ್ನಿನಲ್ಲಿ ವೈದ್ಯರೆದುರು ಒಂದು ಪ್ರಬಂಧ ಓದಿದ. ಯುದ್ಧದ ಅನುಭವವನ್ನು ಅದುಮಿಡುವುದರ ಬಗ್ಗೆ. ಅದರ ವಾದ ಸರಳ: 'ಅದನ್ನೆಲ್ಲ ಯೋಚಿಸಬೇಡ, ಹೂವು ಹಣ್ಣು ಯೋಚಿಸು' ಎಂದು ಬಂಧುಗಳೂ ವೈದ್ಯರೂ ಹೇಳುತ್ತಾರಲ್ಲ, ಆ ಬುದ್ಧಿಮಾತೇ ರೋಗವನ್ನು ಬೆಳೆಸುತ್ತಿದೆ. ಹಗಲೆಲ್ಲ ದೂಡಿದ್ದು ರಾತ್ರಿ ಕನಸಾಗಿ ಬರುತ್ತದೆ. ಹಾಗೆಂದು ದಿನವಿಡೀ ಅದನ್ನೇ ಕೆದಕುತ್ತ ಕೂರುವುದೂ ಒಳ್ಳೆಯದಲ್ಲ ಎಂದೂ ಎಚ್ಚರಿಸಿದ.

ಅದರಲ್ಲಿ ಒಬ್ಬ ಅಧಿಕಾರಿಯ ಕಥೆಯಿದೆ. ಸಿಡಿಗುಂಡಿಗೆ ಸಿಕ್ಕ ಗೆಳೆಯನನ್ನು ಹುಡುಕಿ ಹೊರಟವನಿಗೆ ಸಿಕ್ಕಿದ್ದು ತಲೆ, ಕೈಕಾಲು ಬೇರೆಬೇರೆಯಾದ ದೇಹ. ಪ್ರತಿರಾತ್ರಿ ಆ ಗೆಳೆಯ ಕನಸಿನಲ್ಲಿ ಬರುತ್ತಿದ್ದ. ಮಲಗಲೇ ಹೆದರಿಕೆ. ರಿವರ್ಸ್ ಮರೆತುಬಿಡು ಎನ್ನಲಿಲ್ಲ. ದೇಹ ಆ ಸ್ಥಿತಿಯಲ್ಲಿತ್ತೆಂದರೆ ಸಾವು ಒಂದೇ ಕ್ಷಣದಲ್ಲಿ ಬಂದಿರಬೇಕು, ಅವನು ನರಳಲಿಲ್ಲ ಎಂದು ತೋರಿಸಿಕೊಟ್ಟ. ಕೆಲವು ರಾತ್ರಿ ಕನಸೇ ಬೀಳಲಿಲ್ಲ. ಆಮೇಲೆ ಬಿದ್ದದ್ದು ಅದೇ ಕನಸು, ಅದೇ ದೇಹ, ಆದರೆ ಭಯವಿಲ್ಲ. ಮನೆಯವರಿಗೆ ತಲುಪಿಸಲೆಂದು ಗೆಳೆಯನ ವಸ್ತುಗಳನ್ನು ತೆಗೆದುಕೊಳ್ಳಲು ಮಂಡಿಯೂರಿ ಕುಳಿತು, ಅವನ ಸೊಂಟಪಟ್ಟಿ ಬಿಚ್ಚುತ್ತಿರುವಾಗ ಎಚ್ಚರವಾಯಿತು. ಅಳುತ್ತಿದ್ದ. ಅದು ಬರೀ ದುಃಖದ ಅಳು. ಮುಂದೊಂದು ರಾತ್ರಿ ಕನಸಿನಲ್ಲಿ ಇಬ್ಬರೂ ಕೂತು ಮಾತಾಡಿದರಂತೆ.

ರಿವರ್ಸ್ ಇನ್ನೊಂದು ಕಥೆಯನ್ನೂ ಮುಚ್ಚಿಡಲಿಲ್ಲ. ಸಿಡಿತಕ್ಕೆ ಹಾರಿಬಿದ್ದ ಅಧಿಕಾರಿಯೊಬ್ಬನ ಮುಖ ಹಲವು ದಿನಗಳ ಹಿಂದೆ ಸತ್ತಿದ್ದ ಜರ್ಮನ್ ಸೈನಿಕನ ಉಬ್ಬಿದ ಹೊಟ್ಟೆಗೆ ಬಡಿದಿತ್ತು. ಆ ಅನುಭವದಲ್ಲಿ ಮನಸ್ಸು ಹಿಡಿದುಕೊಳ್ಳಬಹುದಾದ ಒಂದು ಎಳೆಯೂ ರಿವರ್ಸ್‌ಗೆ ಸಿಗಲಿಲ್ಲ. ಅವನನ್ನು ಸೇನೆಯಿಂದ ಬಿಡಿಸಿ, ಹಿಂದೆ ನೆಮ್ಮದಿ ಕೊಟ್ಟಿದ್ದ ಹಳ್ಳಿಗಾಡಿಗೆ ಕಳಿಸಿದರು. ಸೋಲನ್ನೂ ಬರೆದಿಟ್ಟ ವೈದ್ಯನ ಮೇಲೆ ನನಗೆ ಗೌರವ ಜಾಸ್ತಿ.

ಆದರೆ ಗುಣವಾದವರು ಎಲ್ಲಿಗೆ ಹೋದರು? ಮತ್ತೆ ಕಂದಕಕ್ಕೆ. ಈ ಮುಳ್ಳು ರಿವರ್ಸ್‌ನ ಮನಸ್ಸಿನಲ್ಲೂ ಇತ್ತು. ಸಸೂನ್ ಮರಳಿ ಹೋಗಿ, ತಲೆಗೆ ಪೆಟ್ಟು ತಿಂದೂ ಬದುಕಿ 1967ರವರೆಗೆ ಬಾಳಿದ. ಓವೆನ್ 1918ರ ನವೆಂಬರ್ 4ರಂದು ಸತ್ತ. ಕದನವಿರಾಮದ ದಿನ, 11ರಂದು, ಗಂಟೆಗಳು ಮೊಳಗುತ್ತಿರುವಾಗ ಮನೆಗೆ ತಂತಿ ಬಂತು. ಮಗ ಹೊರಡುವಾಗ ಹೇಳಿದ್ದು 'ಗೀತಾಂಜಲಿ'ಯ ಸಾಲುಗಳೆಂದು ಓವೆನ್‌ನ ತಾಯಿ 1920ರಲ್ಲಿ ಠಾಕೂರರಿಗೆ ಪತ್ರ ಬರೆದರು.

ಯುದ್ಧ ಮುಗಿದ ಮೇಲೆ ಇದನ್ನೆಲ್ಲ ಜಗತ್ತು ಹೆಚ್ಚುಕಡಿಮೆ ಮರೆಯಿತು. ಎರಡನೆಯ ಮಹಾಯುದ್ಧದಲ್ಲಿ ಮತ್ತೆ ಮೊದಲಿನಿಂದ ಕಲಿಯಬೇಕಾಯಿತು. ವಿಯೆಟ್ನಾಮಿನಿಂದ ಮರಳಿದವರು ತಾವೇ ಗುಂಪು ಕಟ್ಟಿ ಮಾತಾಡತೊಡಗಿದ ಮೇಲೆ, 1980ರಲ್ಲಿ, ಅಮೆರಿಕದ ಮನೋವೈದ್ಯರ ಕೈಪಿಡಿಗೆ 'ಪಿಟಿಎಸ್‌ಡಿ' ಎಂಬ ಹೆಸರು ಸೇರಿತು. ಅಂದಿನಿಂದ ಅದು ಸೈನಿಕರದಷ್ಟೇ ಅಲ್ಲ, ಅತ್ಯಾಚಾರಕ್ಕೆ, ಅಪಘಾತಕ್ಕೆ, ಭೂಕಂಪಕ್ಕೆ ಸಿಕ್ಕವರದೂ ಹೌದು. 1984ರ ಭೋಪಾಲ್ ದುರಂತದ ನಂತರ ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಆರ್. ಶ್ರೀನಿವಾಸ ಮೂರ್ತಿ ಮತ್ತು ಸಂಗಡಿಗರು ಅಲ್ಲಿನ ಸಾಮಾನ್ಯ ವೈದ್ಯರಿಗೆ ಮನಸ್ಸಿನ ಗಾಯ ಗುರುತಿಸಲು ಕಲಿಸಿದರು.

ಇಂದಿನ ಚಿಕಿತ್ಸೆಗಳಲ್ಲಿ ರಿವರ್ಸ್‌ನ ನೆರಳು ಕಾಣುತ್ತದೆ. ಎಡ್ನಾ ಫೋವಾ ರೂಪಿಸಿದ ಪದ್ಧತಿಯಲ್ಲಿ ನಡೆದದ್ದನ್ನು ಸುರಕ್ಷಿತ ಕೋಣೆಯಲ್ಲಿ ಮತ್ತೆಮತ್ತೆ ಹೇಳಿ ಭಯವನ್ನು ತೇಯುತ್ತಾರೆ. ಪೆಟ್ರಿಷಿಯಾ ರೆಸಿಕ್‌ರ ಪದ್ಧತಿ 'ತಪ್ಪು ನನ್ನದೇ' ಎಂಬಂಥ ನಂಬಿಕೆಗಳನ್ನು ಒರೆಗೆ ಹಚ್ಚುತ್ತದೆ. ಫ್ರಾನ್ಸಿನ್ ಶಪಿರೊ 1989ರಲ್ಲಿ ಪ್ರಕಟಿಸಿದ 'ಇಎಂಡಿಆರ್'ನಲ್ಲಿ ನೆನಪನ್ನು ಮನಸ್ಸಿನಲ್ಲಿಟ್ಟುಕೊಂಡು ವೈದ್ಯರ ಬೆರಳಿನ ಜೊತೆ ಕಣ್ಣಾಡಿಸಬೇಕು. ಕೇಳಿದರೆ ಮಂತ್ರವಾದದಂತಿದೆ, ಆದರೆ ಪರೀಕ್ಷೆಗಳಲ್ಲಿ ಗೆದ್ದಿದೆ. ಕಣ್ಣಿನ ಚಲನೆಯೇ ಕಾರಣವೇ ಎಂಬ ಜಗಳ ಮಾತ್ರ ನಿಂತಿಲ್ಲ. ಕೆಲವರಿಗೆ ಸರ್ಟ್ರಲೀನ್‌ನಂಥ ಮಾತ್ರೆ ನೆರವಾಗುತ್ತದೆ. ದುರಂತ ನಡೆದ ಕೂಡಲೇ ಎಲ್ಲರನ್ನೂ ಕೂರಿಸಿ ಬಾಯಿಬಿಡಿಸುವುದು ಬೇಡ ಎನ್ನುತ್ತದೆ ಬ್ರಿಟನ್ನಿನ 2018ರ ಮಾರ್ಗಸೂಚಿ. ಹೇಳುವವನ ಹೊತ್ತು ಬರಬೇಕು.

ನನ್ನ ಸೋದರಮಾವ 1965ರ ಯುದ್ಧದಿಂದ ಮರಳಿದವರು. ದೀಪಾವಳಿಯ ಮೂರು ರಾತ್ರಿ ಪಟಾಕಿ ಸದ್ದಿಗೆ ಸಿಗದಂತೆ ತೋಟದ ಆಚೆಯ ಪಂಪುಮನೆಯಲ್ಲಿ ಮಲಗುತ್ತಿದ್ದರು. ಅವರನ್ನು ಏನೂ ಕೇಳಬಾರದು ಎಂಬುದು ಅಜ್ಜಿಯ ಕಟ್ಟಪ್ಪಣೆ. ನಾನು ಕಾಲೇಜಿನಲ್ಲಿದ್ದಾಗ ಒಂದು ಸಂಜೆ, ಜಗುಲಿಯ ಮೇಲೆ ಇಬ್ಬರೇ ಇದ್ದೆವು. ಅವರಾಗಿಯೇ, ತಮ್ಮ ಪಕ್ಕದಲ್ಲಿದ್ದ ಒಬ್ಬ ಹುಡುಗನ ವಿಷಯ ತೆಗೆದರು. ಎರಡು ಮಾತು ಆಗಿರಬಹುದು. ಓವೆನ್‌ನ ಪದ್ಯಗಳು ಪಠ್ಯದಲ್ಲಿದ್ದ ವರ್ಷವೇ ಅದು, ಪುಸ್ತಕ ನನ್ನ ಕೈಯಲ್ಲೇ ಇತ್ತು. ನಾನು, 'ಅದೆಲ್ಲ ಈಗ ಯಾಕೆ ಮಾವ, ಮರೆತುಬಿಡಿ' ಎಂದೆ. ಮಾವ 'ಹೌದು, ಬಿಡು' ಎಂದು ಎದ್ದು, ದನಕ್ಕೆ ಹುಲ್ಲು ಹಾಕಲು ಹೋದರು.