ಮುಚ್ಚುವ ಅರ್ಜಿ, ತೆರೆಯುವ ತಾರೀಖು

ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಬೆಂಗಳೂರು ಕರಗ ಹೊರಡುತ್ತದೆ. ಅಂದು ಪೇಟೆಯ ಬೀದಿಗಳಲ್ಲಿ ಗಾಡಿಗಳಿಗೆ ಜಾಗವಿಲ್ಲ. ಮಸ್ತಾನ್ ಸಾಬರ ದರ್ಗಾಕ್ಕೂ ಹೋಗಿ, ಪೇಟೆಯನ್ನೆಲ್ಲ ಸುತ್ತಿ, ಬೆಳಗಾಗುವ ಹೊತ್ತಿಗೆ ಕರಗ ಗುಡಿ ಸೇರುತ್ತದೆ. ಹಿಂದೆಯೇ ಪೌರಕಾರ್ಮಿಕರ ಪೊರಕೆ, ಅದರ ಹಿಂದೆ ಹಾಲಿನ ವ್ಯಾನು. ರಸ್ತೆ ಯಾವಾಗ ಬಿಡುತ್ತೀರಿ ಎಂದು ಯಾರೂ ಕೇಳುವುದಿಲ್ಲ. ಆಚರಣೆಯೊಳಗೇ ಅದಕ್ಕೆ ಉತ್ತರ ಇದೆ.

ರಸ್ತೆ ಮುಚ್ಚುವುದನ್ನು ಕಾನೂನು ಮೊದಲು ಕಂಡದ್ದೂ ಮೆರವಣಿಗೆಯ ಕಣ್ಣಿನಿಂದಲೇ. ಬ್ರಿಟಿಷರ 1861ರ ಪೊಲೀಸ್ ಕಾಯ್ದೆಯ 30ನೇ ಕಲಮು ಮೆರವಣಿಗೆಯ ದಾರಿ ಮತ್ತು ಹೊತ್ತನ್ನು ಗೊತ್ತುಮಾಡುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತು, ಬೇಕೆನಿಸಿದರೆ ಪರವಾನಗಿ ತರಿಸಿಕೊಳ್ಳಿ ಎಂದಿತು. ಆ ಅರ್ಜಿಗೆ ಶುಲ್ಕ ಕೂಡದು ಎಂದೂ ಅದರಲ್ಲಿ ಬರೆದಿತ್ತು. ಇಂದಿನ ಯಾವ ಕಚೇರಿಗೂ ಇಷ್ಟವಾಗದ ಮಾತು. ಬೆಂಗಳೂರಿಗೆ ಪೊಲೀಸ್ ಕಮಿಷನರೇಟ್ ಬಂದದ್ದು 1963ರಲ್ಲಿ. ಅದೇ ವರ್ಷದ ಹೆಸರು ಹೊತ್ತ ಪೊಲೀಸ್ ಕಾಯ್ದೆಯ 31ನೇ ಕಲಮು ಸಂಚಾರ ನಿಯಂತ್ರಣಕ್ಕೂ ಸಾರ್ವಜನಿಕ ಜಾಗಗಳ ಸುವ್ಯವಸ್ಥೆಗೂ ಆದೇಶ ಹೊರಡಿಸುವ ಅಧಿಕಾರವನ್ನು ಕಮಿಷನರಿಗೆ ಕೊಟ್ಟಿದೆ. ಠಾಣೆಯ ಮೇಜಿನ ಮೇಲೆ ನಾವಿಡುವ ಅರ್ಜಿಯ ಬೇರು ಅಲ್ಲಿದೆ.

ಇದು ಪೊಲೀಸರ ಮರ್ಜಿಗೆ ಬಿಟ್ಟ ವಿಷಯವೇ? ಅಹಮದಾಬಾದಿನಿಂದ ಬಂದ ಹಿಮ್ಮತ್‌ಲಾಲ್ ಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1972ರಲ್ಲೇ ಉತ್ತರ ಕೊಟ್ಟಿತು: ಬೀದಿಯಲ್ಲಿ ಸಭೆ ಸೇರುವುದನ್ನು ನಿಯಂತ್ರಿಸಬಹುದು, ಆದರೆ ಯಾವ ಮಾನದಂಡವೂ ಇಲ್ಲದೆ ಇಷ್ಟಬಂದಂತೆ ನಿರಾಕರಿಸುವಂತಿಲ್ಲ. ಶಾಹೀನ್ ಬಾಗ್ ತೀರ್ಪಿನಲ್ಲಿ, 2020ರಲ್ಲಿ, ಅದೇ ಕೋರ್ಟ್ ಇನ್ನೊಂದು ತುದಿಯನ್ನು ಹಿಡಿಯಿತು: ಸಾರ್ವಜನಿಕ ದಾರಿಯನ್ನು ಅನಿರ್ದಿಷ್ಟ ಕಾಲ ಆಕ್ರಮಿಸಿಕೊಳ್ಳುವಂತಿಲ್ಲ. ಬೆಂಗಳೂರಿನ 2021ರ ಪೊಲೀಸ್ ಆದೇಶ ಪ್ರತಿಭಟನೆಗಳನ್ನೆಲ್ಲ ಫ್ರೀಡಂ ಪಾರ್ಕಿಗೆ, ಅಂದರೆ ಹಳೆಯ ಸೆಂಟ್ರಲ್ ಜೈಲಿನ ಆವರಣಕ್ಕೆ, ಕಳಿಸಿತು. ಟ್ರಾಫಿಕ್ಕಿಗೆ ಅನುಕೂಲವಾಯಿತು, ನಿಜ. ಆದರೆ ಯಾರ ಕಿವಿಗೂ ಬೀಳದ ಕಡೆ ಕೂಗುವುದಕ್ಕೆ ಪ್ರತಿಭಟನೆ ಎನ್ನಬೇಕೇ ಎಂಬ ಅನುಮಾನ ನನಗಿನ್ನೂ ಹೋಗಿಲ್ಲ.

‘ಅನಿರ್ದಿಷ್ಟ ಕಾಲ’ ಎಂಬ ಮಾತನ್ನು ಇಲ್ಲಿ ಸ್ವಲ್ಪ ಹಿಡಿದುಕೊಳ್ಳೋಣ. ಧರಣಿ ಕೂತವರಿಗೆ ಹೇಳಿದ ಈ ಮಾತನ್ನು ರಸ್ತೆ ಅಗೆಯುವವರಿಗೆ ಹೇಳಿದವರು ಕಡಿಮೆ.

ಕಾಮಗಾರಿಗಾಗಿ ರಸ್ತೆ ಮುಚ್ಚುವಾಗ ಕೈಗೆ ಬರುವುದು 1988ರ ಮೋಟಾರು ವಾಹನ ಕಾಯ್ದೆಯ 115ನೇ ಕಲಮು. ಸುರಕ್ಷತೆಯ ಇಲ್ಲವೇ ಅನುಕೂಲದ ಕಾರಣಕ್ಕೆ ಒಂದು ರಸ್ತೆಯಲ್ಲಿ ವಾಹನಗಳನ್ನು ನಿರ್ಬಂಧಿಸಬಹುದು, ಅದನ್ನು ರಾಜ್ಯಪತ್ರದಲ್ಲಿ ಪ್ರಕಟಿಸಬೇಕು, ತಕ್ಕ ಫಲಕಗಳನ್ನು ನೆಡಬೇಕು. ಒಂದು ತಿಂಗಳು ಮೀರದ ನಿರ್ಬಂಧಕ್ಕೆ ಮಾತ್ರ ರಾಜ್ಯಪತ್ರ ಬೇಡ, ಸ್ಥಳೀಯವಾಗಿ ತಿಳಿಯಪಡಿಸಿದರೆ ಸಾಕು. ಕಾಯ್ದೆ ಬರೆದವರ ಮನಸ್ಸಿನಲ್ಲಿ ‘ತಾತ್ಕಾಲಿಕ’ ಎಂದರೆ ಎಷ್ಟು ದಿನ ಎಂಬುದಕ್ಕೆ ಇದೇ ಸಾಕ್ಷಿ. ಈಗ ಕಾಮರಾಜ ರಸ್ತೆಯನ್ನು ನೆನೆಯಿರಿ. ಎಂ.ಜಿ. ರಸ್ತೆಯಿಂದ ಕಮರ್ಷಿಯಲ್ ಸ್ಟ್ರೀಟಿಗೆ ಹೋಗುವವರ ದಾರಿ ಅದು. ಮೆಟ್ರೊ ಗುಲಾಬಿ ಮಾರ್ಗದ ಸುರಂಗ ನಿಲ್ದಾಣಕ್ಕಾಗಿ 2019ರಲ್ಲಿ ಮುಚ್ಚಿದ್ದು, ಭಾಗಶಃ ತೆರೆದದ್ದು 2024ರಲ್ಲಿ. ನೆಲದಡಿಯ ನಿಲ್ದಾಣವನ್ನು ಒಂದು ತಿಂಗಳಲ್ಲಿ ಕಟ್ಟಿ ಎಂದು ಯಾರೂ ಕೇಳುವುದಿಲ್ಲ. ಐದು ವರ್ಷಕ್ಕೂ ಒಂದು ತಿಂಗಳಿಗೂ ಒಂದೇ ‘ತಾತ್ಕಾಲಿಕ’ ಸಾಕಾಗುವುದು ಹೇಗೆ ಎಂಬುದಷ್ಟೇ ನನ್ನ ಪ್ರಶ್ನೆ.

ರಸ್ತೆ ಮುಚ್ಚುವುದನ್ನು ಒಂದು ತಾಂತ್ರಿಕ ವಿದ್ಯೆಯಾಗಿ ನೋಡುವುದು ನಮ್ಮಲ್ಲಿ ಈಚಿನದು. 1934ರಲ್ಲಿ ಹುಟ್ಟಿದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಕಾಮಗಾರಿ ಸ್ಥಳಗಳಿಗೆಂದೇ ಎಸ್‌ಪಿ 55 ಎಂಬ ಮಾರ್ಗಸೂಚಿ ತಂದದ್ದು 2001ರಲ್ಲಿ. ಅದರ ತಲೆಬರಹ ಮೊದಲು ರಸ್ತೆ ನಿರ್ಮಾಣ ವಲಯದ ಸುರಕ್ಷತೆ ಎಂದಿತ್ತು. 2014ರ ಪರಿಷ್ಕರಣೆಯಲ್ಲಿ ಕಾಮಗಾರಿ ವಲಯದ ಸಂಚಾರ ನಿರ್ವಹಣೆ ಎಂದಾಯಿತು. ಗುಂಡಿಗೆ ಯಾರೂ ಬೀಳದಿದ್ದರೆ ಸಾಲದು, ಗಾಡಿಗಳು ಎಲ್ಲಿಗೆ ಹೋಗಬೇಕು ಎಂಬುದನ್ನೂ ಗುತ್ತಿಗೆದಾರ ಯೋಚಿಸಬೇಕು ಎಂಬ ಅರಿವು ಆ ಬದಲಾವಣೆಯಲ್ಲಿದೆ. ಮಾರ್ಗಸೂಚಿ ರಸ್ತೆಯನ್ನು ನಾಲ್ಕು ವಲಯವಾಗಿ ಒಡೆಯುತ್ತದೆ: ಮುಂದೆ ಏನೋ ಇದೆ ಎಂದು ಎಚ್ಚರಿಸುವ ಜಾಗ, ಗಾಡಿಗಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸುವ ಜಾಗ, ಕೆಲಸದ ಜಾಗ, ಮತ್ತೆ ಹಳೆಯ ಸಾಲಿಗೆ ಮರಳಿಸುವ ಜಾಗ. ನಮ್ಮೂರಿನಲ್ಲಿ ಮೂರನೆಯದು ಮಾತ್ರ ಧಾರಾಳವಾಗಿ ಕಾಣುತ್ತದೆ. ಮೊದಲನೆಯದರ ಕೆಲಸವನ್ನು ಎಷ್ಟೋ ಕಡೆ ಕಲ್ಲಿನ ಮೇಲೆ ನೆಟ್ಟ ಮರದ ಕೊಂಬೆ ಮಾಡುತ್ತದೆ.

ಒಳ್ಳೆಯ ಸಂಚಾರ ಯೋಜನೆಯ ಕಷ್ಟವಿರುವುದು ಮುಚ್ಚಿದ ರಸ್ತೆಯಲ್ಲಲ್ಲ, ಪಕ್ಕದ ರಸ್ತೆಯಲ್ಲಿ. ಬಸ್ಸು ತಿರುಗುವಷ್ಟು ಮೂಲೆ ಅಗಲವಿದೆಯೇ, ಆಂಬುಲೆನ್ಸಿಗೆ ದಾರಿ ಎಲ್ಲಿ, ಅಂಗಡಿಗೆ ಸರಕು ಎಷ್ಟು ಹೊತ್ತಿಗೆ ಇಳಿಯುತ್ತದೆ, ಸ್ಕೂಲು ಬಿಡುವುದು ಎಷ್ಟಕ್ಕೆ, ನಡೆಯುವವರು ಎಲ್ಲಿ ದಾಟಬೇಕು? ಡೈವರ್ಷನ್ ನಕ್ಷೆಯಲ್ಲಿ ‘ಪರ್ಯಾಯ ಮಾರ್ಗ’ ಎಂದು ಬಾಣ ಹಾಕಿದ ಬಡಾವಣೆಯ ಕ್ರಾಸ್ ರಸ್ತೆಯಲ್ಲಿ ನಿಜವಾಗಿ ಇರುವುದು ಎರಡು ಹಂಪು, ಒಂದು ಟ್ರಾನ್ಸ್‌ಫಾರ್ಮರ್, ಇಕ್ಕೆಲಗಳಲ್ಲೂ ನಿಂತ ಕಾರುಗಳು.

ಇದರ ನಡುವೆ ರಸ್ತೆಯನ್ನು ಜನರಿಗಾಗಿಯೇ ಮುಚ್ಚುವ ಪ್ರಯೋಗಗಳೂ ಬಂದವು. ನಗರ ಭೂಸಾರಿಗೆ ನಿರ್ದೇಶನಾಲಯದವರು ಸೈಕಲ್ ದಿನ ಶುರುಮಾಡಿದ್ದು 2013ರ ಅಕ್ಟೋಬರಿನಲ್ಲಿ. ನವೆಂಬರ್ 2020ರಿಂದ ಕೆಲವು ತಿಂಗಳು ಚರ್ಚ್ ಸ್ಟ್ರೀಟನ್ನು ವಾರಾಂತ್ಯಗಳಲ್ಲಿ ವಾಹನಮುಕ್ತ ಮಾಡಿ ನೋಡಿದರು. ಮುಚ್ಚಿದರೆ ಪಕ್ಕದ ರಸ್ತೆಗಳು ಕಟ್ಟಿಕೊಳ್ಳುತ್ತವೆ ಎಂಬ ವಾದ ಇಂಥ ಹೊತ್ತಿನಲ್ಲಿ ಎದ್ದೇ ಏಳುತ್ತದೆ. ಬ್ರಿಟನ್ನಿನ ಕೇರ್ನ್ಸ್, ಆಟ್ಕಿನ್ಸ್ ಮತ್ತು ಗುಡ್ವಿನ್ 2002ರಲ್ಲಿ 11 ದೇಶಗಳ 70 ಪ್ರಕರಣಗಳನ್ನು ಜೋಡಿಸಿ ನೋಡಿದಾಗ, ರಸ್ತೆಯ ಜಾಗ ಕಡಿಮೆಯಾದ ಕಡೆ ಒಟ್ಟು ಸಂಚಾರ ಸರಾಸರಿ ಶೇ. 22ರಷ್ಟು ಕರಗಿಹೋಗಿತ್ತು, ಜನ ಹೊತ್ತು ಬದಲಿಸಿದ್ದರು, ದಾರಿ ಬದಲಿಸಿದ್ದರು, ಕೆಲವರು ಹೊರಟೇ ಇರಲಿಲ್ಲ. ಉತ್ಸಾಹಿಗಳು ಈ ಅಂಕಿಯನ್ನಷ್ಟೇ ಹೇಳಿ ಸುಮ್ಮನಾಗುತ್ತಾರೆ. ಅದೇ ಅಧ್ಯಯನದ ಮಧ್ಯಾಂಕ ಶೇ. 11ರ ಆಸುಪಾಸು. ಅಂದರೆ ಕೆಲವೇ ಊರುಗಳ ದೊಡ್ಡ ಇಳಿಕೆ ಸರಾಸರಿಯನ್ನು ಮೇಲೆತ್ತಿದೆ. ಬಸ್ಸೂ ಫುಟ್‌ಪಾತೂ ನೆಟ್ಟಗಿರುವ ಊರಿನಲ್ಲಿ ಕಾರು ಬಿಟ್ಟು ಹೊರಡುವುದು ಸುಲಭ. ಚರ್ಚ್ ಸ್ಟ್ರೀಟಿಗೆ ಮಗ್ಗುಲಲ್ಲೇ ಮೆಟ್ರೊ ಇತ್ತು.

ಅರ್ಜಿಯ ಬೆಲೆ ಏನೆಂದು ಬೆಂಗಳೂರು ಕಂಡದ್ದು 2025ರ ಜೂನ್ 4ರಂದು. ಐಪಿಎಲ್ ಗೆಲುವಿನ ಸಂಭ್ರಮಕ್ಕೆ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ ಸೇರಿದ ಜನಸಾಗರದಲ್ಲಿ ಕಾಲ್ತುಳಿತವಾಗಿ 11 ಮಂದಿ ಸತ್ತರು. ಹಿಂದಿನ ದಿನ ಠಾಣೆಗೆ ಬಂದಿದ್ದ ಪತ್ರ ಕೇವಲ ತಿಳಿವಳಿಕೆಯ ರೂಪದ್ದು, ಅನುಮತಿ ಕೋರಿದ ಅರ್ಜಿಯಲ್ಲ. ಅಂಥ ಅರ್ಜಿ ನಿಗದಿತ ನಮೂನೆಯಲ್ಲಿ ಏಳು ದಿನ ಮೊದಲೇ ಬರಬೇಕಿತ್ತು ಎಂದು ಸರ್ಕಾರ ಹೈಕೋರ್ಟಿಗೆ ಕೊಟ್ಟ ವರದಿಯಲ್ಲಿ ಹೇಳಿತು. ಏಳು ದಿನ ಎಂಬುದು ಕಚೇರಿಯ ಸೋಮಾರಿತನಕ್ಕೆ ಇಟ್ಟದ್ದಲ್ಲ. ಎಷ್ಟು ಜನ ಬರಬಹುದು, ಯಾವ ಬಾಗಿಲಿಗೆ ಎಷ್ಟು, ಬ್ಯಾರಿಕೇಡ್ ಎಲ್ಲಿ, ಮೆಟ್ರೊ ಯಾವ ನಿಲ್ದಾಣದಲ್ಲಿ ನಿಲ್ಲಬಾರದು, ಹೊರಹೋಗುವ ದಾರಿ ಯಾವುದು, ಇವನ್ನೆಲ್ಲ ಕೂತು ಲೆಕ್ಕಹಾಕಲು ಬೇಕಾದ ಹೊತ್ತು ಅದು. ಜನಸಂದಣಿ ನಿಯಂತ್ರಣದ ಮಸೂದೆಯೊಂದು ಅದೇ ಆಗಸ್ಟಿನಲ್ಲಿ ವಿಧಾನಸಭೆಗೆ ಬಂತು.

ಗಣೇಶನ ಪೆಂಡಾಲಿಗೆ ಈಗ ಏಕಗವಾಕ್ಷಿ ಇದೆ. ಪೊಲೀಸ್, ಬೆಸ್ಕಾಂ, ಅಗ್ನಿಶಾಮಕದವರ ಒಪ್ಪಿಗೆ ಒಂದೇ ಕಡೆ ಸಿಗುತ್ತದೆ. ರಸ್ತೆ ಅಗೆತಕ್ಕೂ ಆನ್‌ಲೈನ್ ಅರ್ಜಿಯ ವ್ಯವಸ್ಥೆ ಬಂದಿದೆ. ಸಂಚಾರ ಪೊಲೀಸರ ಪ್ರಕಟಣೆಗಳೂ ಮೊದಲಿಗಿಂತ ವಿವರವಾಗಿವೆ. ಹೊಸ ವರ್ಷದ ಮುನ್ನಾ ರಾತ್ರಿ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಗಳಲ್ಲಿ ಸಂಚಾರ ನಿರ್ಬಂಧ ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಗಾಡಿ ಎಲ್ಲಿ ನಿಲ್ಲಿಸಬಹುದು, ಎಲ್ಲ ಅದರಲ್ಲಿರುತ್ತದೆ. ಕಾಮಗಾರಿಯ ಪ್ರಕಟಣೆಗಳಲ್ಲೂ ರಸ್ತೆಯ ಹೆಸರು, ಶುರುವಾಗುವ ತಾರೀಖು, ಪರ್ಯಾಯ ಮಾರ್ಗ ಇರುತ್ತವೆ. ತೆರೆಯುವ ತಾರೀಖು ಇರಬೇಕಾದ ಕಡೆ ಮಾತ್ರ ಬಹಳ ಸಲ ಎರಡೇ ಪದ: ‘ಮುಂದಿನ ಆದೇಶದವರೆಗೆ’.