ಹೊಳೆಯಾಚೆಯ ಊರು: ವಿರುಪಾಪುರಗಡ್ಡಿಯ ಏಳುಬೀಳು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಗೆ ಕಡಲಿಲ್ಲ. ಆದರೂ ಗಂಗಾವತಿ ತಾಲ್ಲೂಕಿನ ಒಂದು ಮೂಲೆಯಲ್ಲಿ ಹಲವು ವರ್ಷಗಳ ಕಾಲ ಗೋಕರ್ಣದ ಓಂ ಬೀಚನ್ನೇ ಹೋಲುವ ಒಂದು ಊರು ಬದುಕಿತ್ತು. ಹುಲ್ಲು ಹೊದಿಸಿದ ಗುಡಿಸಲು, ಅದರ ಮುಂದೊಂದು ಜೋಲುಯ್ಯಾಲೆ, ನೆಲಕ್ಕೆ ಹಾಸಿದ ಗಾದಿ. ಎದುರಿಗೆ ಅಲೆಗಳ ಬದಲು ಭತ್ತದ ಗದ್ದೆ, ಅದರಾಚೆ ತುಂಗಭದ್ರೆ, ಹೊಳೆಯಾಚೆ ಹಂಪಿಯ ವಿರೂಪಾಕ್ಷನ ಗೋಪುರ. ಅಕ್ಟೋಬರಿನಿಂದ ಮಾರ್ಚಿನವರೆಗೆ ಜನ, ಬೇಸಿಗೆ ಬಂದರೆ ಬಣಬಣ. ಸುಗ್ಗಿಯ ಹಾಗೆಯೇ ಇಲ್ಲಿ ‘ಸೀಸನ್’ ಕೂಡ ವರ್ಷದ ಲೆಕ್ಕದಲ್ಲಿ ಸೇರಿಹೋಗಿತ್ತು. ಆ ಊರು ವಿರುಪಾಪುರಗಡ್ಡಿ. 2020ರ ಮಾರ್ಚ್ ಮೊದಲ ವಾರ ಅಲ್ಲಿನ ರೆಸಾರ್ಟುಗಳು ಜೆಸಿಬಿಗಳ ಬಾಯಿಗೆ ಹೋದವು.

ಹೆಸರಿನಿಂದಲೇ ಶುರು ಮಾಡಬೇಕು. ಪ್ರವಾಸಿ ನಕ್ಷೆಗಳಲ್ಲಿ ಇದನ್ನು ‘ಗದ್ದೆ’ ಎಂದು ಓದಿಕೊಂಡವರೇ ಹೆಚ್ಚು. ಸುತ್ತ ಹಸಿರು ಭತ್ತ ಕಂಡವರಿಗೆ ಆ ಓದು ಸಹಜವೇ. ಸ್ಥಳೀಯರ ಬಾಯಲ್ಲಿ ಮಾತ್ರ ಅದು ಯಾವತ್ತೂ ಗಡ್ಡಿ. ಹೊಳೆ ಕವಲೊಡೆದು ಎರಡೂ ಮಗ್ಗುಲಲ್ಲಿ ಹರಿದಾಗ ನಡುವೆ ಉಳಿಯುವ ನೆಲವೇ ಗಡ್ಡಿ, ಅಂದರೆ ನಡುಗಡ್ಡೆ. ಮಳೆಗಾಲದಲ್ಲಿ ದಾರಿ ಮುಚ್ಚಿಹೋಗುತ್ತದೆ, ದಾಟಿದವನಿಗೆ ಹಿಂದಿನ ದಂಡೆ ದೂರವಾಗುತ್ತದೆ ಎಂಬ ಎಚ್ಚರ ಆ ಒಂದು ಪದದಲ್ಲೇ ಇದೆ. ಈ ಊರಿನ ಚರಿತ್ರೆಯನ್ನು ಅರಸರ ಕಾಲಾನುಕ್ರಮದಲ್ಲಿ ಹುಡುಕಿದರೆ ಕೈಗೆ ಸಿಗುವುದು ಕಡಿಮೆ. ಜನ ಹೊಳೆಯನ್ನು ಹೇಗೆ ದಾಟಿದರು ಎಂದು ಕೇಳಿಕೊಂಡು ಹೋದರೆ ಕಥೆ ಬಿಚ್ಚಿಕೊಳ್ಳುತ್ತದೆ.

ದಾಟಿದ್ದು ಹರಿಗೋಲಿನಲ್ಲಿ. 1520ರ ಸುಮಾರಿಗೆ ಕೃಷ್ಣದೇವರಾಯನ ರಾಜಧಾನಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಕಡವಿನಲ್ಲಿ ಅದನ್ನು ಕಂಡು ಬರೆದಿಟ್ಟಿದ್ದಾನೆ. ಬುಟ್ಟಿಯಂತೆ ದುಂಡಗಿನ ದೋಣಿ, ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ. ಹದಿನೈದು ಇಪ್ಪತ್ತು ಜನ ಕೂರಬಹುದು. ಬೇಕೆಂದರೆ ಕುದುರೆ, ಎತ್ತುಗಳನ್ನೂ ಸಾಗಿಸಬಹುದು. ಆದರೆ ಬೇರೆ ದೋಣಿಗಳ ಹಾಗೆ ಇದು ನೆಟ್ಟಗೆ ಹೋಗದು, ಸದಾ ಗಿರಗಿರನೆ ತಿರುಗುತ್ತಲೇ ಇರುತ್ತದೆ ಎಂಬುದು ಅವನ ಕಣ್ಣಿಗೆ ಬಿದ್ದ ಕೊರತೆ. ಐದು ಶತಮಾನಗಳ ನಂತರವೂ ಹೆಣಿಗೆಯ ವಿದ್ಯೆ ಹೆಚ್ಚೇನೂ ಬದಲಾಗಿಲ್ಲ. ಬಿದಿರ ಸೀಳುಗಳನ್ನು ಅಡ್ಡಡ್ಡ ಹೆಣೆದು, ಅಂಚನ್ನು ಬಿಗಿದು ಕಟ್ಟುತ್ತಾರೆ. ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಬಂದಿದೆ, ಅದರ ಮೇಲೆ ಡಾಂಬರು ಬಳಿಯುತ್ತಾರೆ. ಅಂಬಿಗ ಅಂಚಿನ ಹತ್ತಿರ ಕುಕ್ಕುರುಗಾಲಲ್ಲಿ ಕೂತು ಒಂದೇ ಹುಟ್ಟಿನಿಂದ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ. ತಿರುಗುವುದು ದೋಣಿಯ ಗುಣ, ತಿರುಗದಂತೆ ಹಿಡಿಯುವುದು ಅಂಬಿಗನ ಕಸುಬು.

ವಿಜಯನಗರದವರು ಕಲ್ಲಿನ ಸೇತುವೆಯನ್ನೂ ಕಟ್ಟಿದ್ದರು. ಅದರ ಕಂಬಗಳು ಇಂದಿಗೂ ಹೊಳೆಯ ನಡುವೆ ಸಾಲಾಗಿ ನಿಂತಿವೆ. 1565ರ ಯುದ್ಧದ ನಂತರ ದಕ್ಷಿಣ ದಂಡೆಯ ರಾಜಧಾನಿ ಹಾಳುಬಿತ್ತು, ಉತ್ತರ ದಂಡೆಯ ಆನೆಗೊಂದಿ ಬದುಕಿಕೊಂಡಿತು. ಅರವೀಡು ವಂಶದ ಒಂದು ಕವಲು ಮುಂದೆ ಅಲ್ಲಿ ನೆಲೆನಿಂತಿತು. ಸೇತುವೆಯಲ್ಲಿ ಉಳಿದದ್ದು ಕಂಬಗಳಷ್ಟೇ, ಅಂಬಿಗರು ಮಾತ್ರ ಉಳಿದುಕೊಂಡರು.

ಇಪ್ಪತ್ತನೆಯ ಶತಮಾನದಲ್ಲಿ ಈ ದಂಡೆಯ ಚಹರೆ ಬದಲಿಸಿದ್ದು ತುಂಗಭದ್ರಾ ಅಣೆಕಟ್ಟು. 1953ರಲ್ಲಿ ಅದು ಮುಗಿದ ಮೇಲೆ ಎಡದಂಡೆ ಕಾಲುವೆ ಗಂಗಾವತಿಯ ಎರೆಭೂಮಿಗೆ ನೀರು ತಂದಿತು. ಆಂಧ್ರದಿಂದ ಬಂದ ರೈತರು ‘ಕ್ಯಾಂಪು’ಗಳನ್ನು ಕಟ್ಟಿಕೊಂಡರು, ತಾಲ್ಲೂಕು ಭತ್ತದ ಕಣಜ ಎನಿಸಿಕೊಂಡಿತು. ಅದೇ ಕಾಲುವೆಯ ನೀರನ್ನು ಗುಡ್ಡಗಳ ನಡುವೆ ನಿಲ್ಲಿಸಿದ್ದರಿಂದ ಸಾಣಾಪುರದ ಕೆರೆ ಹುಟ್ಟಿತು. ಮುಂದೆ ಅದೇ ಕೆರೆ ಪ್ರವಾಸಿಗರ ಆಕರ್ಷಣೆಯಾಗುತ್ತದೆಂದು ಕಾಲುವೆ ತೋಡಿದವರು ಎಣಿಸಿರಲಿಕ್ಕಿಲ್ಲ.

ಹಂಪಿಗೆ ವಿದೇಶಿಯರು ಬರುವುದು ಹಿಪ್ಪಿಗಳ ಕಾಲದಿಂದಲೇ ಇತ್ತು. ಗೋವಾ, ಗೋಕರ್ಣ, ಹಂಪಿ ಎಂಬ ತ್ರಿಕೋನವೊಂದು ಬೆನ್ನಚೀಲದ ಪ್ರವಾಸಿಗರ ಬಾಯಿಂದ ಬಾಯಿಗೆ ಹರಡಿತು. ಮೊದಮೊದಲು ಅವರು ತಂಗಿದ್ದು ವಿರೂಪಾಕ್ಷ ಗುಡಿಯ ಸುತ್ತಲಿನ ಮನೆಗಳಲ್ಲಿ. ಅಲ್ಲಿ ಗುಡಿಯ ಗಂಟೆ, ಯಾತ್ರಿಕರು, ಮಾಂಸ ಮತ್ತು ಮದ್ಯಕ್ಕೆ ತಡೆ. ಹೊಳೆ ದಾಟಿದರೆ ಗದ್ದೆ, ಬಂಡೆ, ಮೌನ. ಗಡ್ಡಿಯ ರೈತರು ಹೊಲದ ಬದಿಗೆ ಒಂದೊಂದು ಗುಡಿಸಲು ಹಾಕಿದರು. ಒಂದು ನಾಲ್ಕಾಯಿತು, ನಾಲ್ಕು ಹತ್ತಾಯಿತು.

ಬಂದವರಲ್ಲಿ ಇಸ್ರೇಲಿನ ಯುವಜನರು ಎದ್ದು ಕಾಣುವಷ್ಟಿದ್ದರು. ಅವರ ದೇಶದಲ್ಲಿ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸೇನಾಸೇವೆ ಕಡ್ಡಾಯ. ಅದು ಮುಗಿದೊಡನೆ ತಿಂಗಳುಗಟ್ಟಲೆ ದೂರದೇಶ ಸುತ್ತುವುದು ಅಲ್ಲೊಂದು ರೂಢಿ. ಹೀಗಾಗಿ ಗಡ್ಡಿಯ ಅಂಗಡಿಗಳ ಮೇಲೆ ಕನ್ನಡ, ಇಂಗ್ಲಿಷಿನ ಪಕ್ಕದಲ್ಲಿ ಹೀಬ್ರೂ ಬರಹ ಬಂತು. ರೊಟ್ಟಿ ಬಡಿಯುವ ಸೀಮೆಯ ಅಡುಗೆಯವರು ಟೊಮೆಟೊ ಗೊಜ್ಜಿನಲ್ಲಿ ಮೊಟ್ಟೆ ಒಡೆದು ಬೇಯಿಸುವ ಶಕ್ಷೂಕ ಕಲಿತರು, ಕಡಲೆ ರುಬ್ಬಿ ಹಮ್ಮಸ್ ಮಾಡಿದರು. ಹೋಟೆಲ್ ಶಾಲೆಯ ಮೆಟ್ಟಿಲು ಹತ್ತದವರು ಗಿರಾಕಿಯ ಮುಖ ನೋಡಿಯೇ ಉಪ್ಪು ಹೆಚ್ಚಾಯಿತೋ ಕಡಿಮೆಯಾಯಿತೋ ಅರಿತುಕೊಂಡರು. ಈ ಕಲಿಕೆ ಯಾವ ದಾಖಲೆಯಲ್ಲೂ ಇಲ್ಲ. ಒಂದು ಸಮುದಾಯದ ಚರಿತ್ರೆ ಬರೆಯುವವರು ಇದನ್ನು ಬಿಟ್ಟು ಬರೆದರೆ ಅರ್ಧವನ್ನೇ ಬರೆದಂತೆ.

ಇನ್ನೊಂದು ಗುಂಪು ಬಂದದ್ದು ಬಂಡೆಗಳಿಗಾಗಿ. ಇಲ್ಲಿನ ಕಲ್ಲು ಸುಮಾರು 250 ಕೋಟಿ ವರ್ಷ ಹಳೆಯದು. ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಪಟ್ಟಿಗೆ ಸೇರಿಸುತ್ತಾರೆ. ಕ್ಲೋಸ್‌ಪೇಟೆ ಎಂದರೆ ರಾಮನಗರದ ಹಳೆಯ ಹೆಸರು. ಬಿಸಿಲು ಮಳೆಗೆ ಸವೆದು ದುಂಡಗಾದ ಈ ಬಂಡೆಗಳನ್ನು ಹಗ್ಗವಿಲ್ಲದೆ ಬರಿಗೈಯಲ್ಲಿ ಹತ್ತುವ ‘ಬೌಲ್ಡರಿಂಗ್’ ಆಟಕ್ಕೆ ಹಂಪಿ ಜಗತ್ತಿನಲ್ಲೇ ಹೆಸರಾಯಿತು. 2003ರಲ್ಲಿ ಅಮೆರಿಕದ ಪ್ರಸಿದ್ಧ ಆರೋಹಿ ಕ್ರಿಸ್ ಶರ್ಮಾ ಇಲ್ಲಿ ಬಂಡೆ ಹತ್ತಿದ್ದನ್ನು ತೋರಿಸುವ ‘ಪಿಲ್ಗ್ರಿಮೇಜ್’ ಎಂಬ ಚಿತ್ರ ಬಂದ ಮೇಲೆ ಹೊಳೆಯಾಚೆಯ ಗುಡ್ಡಗಳು ಆರೋಹಿಗಳ ಕೈಪಿಡಿಗಳಲ್ಲಿ ಜಾಗ ಪಡೆದವು. ಬಿದ್ದರೆ ಪೆಟ್ಟಾಗದಿರಲು ಹಾಸುವ ದಪ್ಪ ದಿಂಬನ್ನು ಬಾಡಿಗೆಗೆ ಕೊಡುವುದೂ ಒಂದು ಕಸುಬಾಯಿತು. ಕುರಿ ಕಾಯುತ್ತಾ ಅದೇ ಬಂಡೆಗಳ ಮೇಲೆ ಬೆಳೆದ ಹುಡುಗರಲ್ಲಿ ಕೆಲವರು ಆ ಆಟಕ್ಕೂ ಇಳಿದರು.

ಕಣ್ಣಿದ್ದವರು ಕನಕಗಿರಿ ನೋಡಬೇಕು, ಕಾಲಿದ್ದವರು ಹಂಪಿ ನೋಡಬೇಕು ಎಂಬ ಗಾದೆ ಈ ಸೀಮೆಯಲ್ಲಿ ಮನೆಮಾತು. ಕನಕಾಚಲಪತಿಯ ಗುಡಿಯ ಗಾರೆ ಬೊಂಬೆಗಳನ್ನು ಕಣ್ತುಂಬ ನೋಡಬೇಕು, ಹಂಪಿಯನ್ನು ನಡೆದು ನಡೆದು ಸುತ್ತಬೇಕು. ಗಡ್ಡಿಗೆ ಬಂದವರಿಗೆ ಎರಡರ ಅವಸರವೂ ಇರಲಿಲ್ಲ. ಅವರು ಬಂದದ್ದು ಕೂರುವುದಕ್ಕೆ. ಸಂಜೆ ಆರರ ಹೊತ್ತಿಗೆ ಕೊನೆಯ ದೋಣಿ ಹೊರಟರೆ ಮುಗಿಯಿತು. ಆಮೇಲೆ ಹಂಪಿಗೆ ಹೋಗಬೇಕೆಂದರೆ ಮುನಿರಾಬಾದ್, ಹೊಸಪೇಟೆ ಸುತ್ತಿಕೊಂಡು ನಲವತ್ತು ಕಿಲೋಮೀಟರ್. ಕಣ್ಣೆದುರಿನ ಗೋಪುರಕ್ಕೆ ನಲವತ್ತು ಕಿಲೋಮೀಟರ್! ಊರಿಗೆ ಅನನುಕೂಲವೆನಿಸಿದ್ದ ಈ ದೂರವೇ ಗಡ್ಡಿಯ ಬಂಡವಾಳವಾಗಿತ್ತು.

ಸೇತುವೆ ಬೇಕೆಂಬುದು ಇಲ್ಲಿನ ಜನರ ಹಳೆಯ ಬೇಡಿಕೆ. ಹೆರಿಗೆ ನೋವು ಬಂದವಳನ್ನು ಹರಿಗೋಲಿನಲ್ಲಿ ಕೂರಿಸಿಕೊಂಡು ಹೋಗುವವರಿಗೆ ಗಡ್ಡಿಯ ಮೌನ ಬೇರೆಯದೇ ಅರ್ಥ ಕೊಡುತ್ತದೆ. 1990ರ ದಶಕದಲ್ಲಿ ತಳವಾರಘಟ್ಟ ಮತ್ತು ಆನೆಗೊಂದಿಯ ನಡುವೆ ವಾಹನ ಸೇತುವೆಯ ಕೆಲಸ ಶುರುವಾಯಿತು, ವಿರುಪಾಪುರಗಡ್ಡಿಗೆ ತೂಗುಸೇತುವೆಯೂ ಬಂತು. ಆದರೆ ಹಂಪಿ 1986ರಲ್ಲೇ ಯುನೆಸ್ಕೊದ ವಿಶ್ವಪರಂಪರೆ ಪಟ್ಟಿಗೆ ಸೇರಿತ್ತು. ಈ ಎರಡು ಸೇತುವೆಗಳ ಕಾರಣಕ್ಕೆ 1999ರಲ್ಲಿ ಅದನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹಾಕಲಾಯಿತು. ಗಡ್ಡಿಯ ತೂಗುಸೇತುವೆಯನ್ನು ಕಳಚಿದರು. 2002ರ ಕಾಯ್ದೆಯಂತೆ ಹಂಪಿ ವಿಶ್ವಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಹುಟ್ಟಿತು. ಒಳವಲಯ, ಹೊರವಲಯ ಎರಡೂ ಸೇರಿ ಸುಮಾರು 236 ಚದರ ಕಿಲೋಮೀಟರ್ ನೆಲ, ಅದರೊಳಗಿನ ಹಳ್ಳಿಗಳ ಸಮೇತ, ನಿಯಮಕ್ಕೆ ಒಳಪಟ್ಟಿತು. 2006ರಲ್ಲಿ ಹಂಪಿ ಅಪಾಯದ ಪಟ್ಟಿಯಿಂದ ಹೊರಬಂತು. 2009ರ ಜನವರಿ 22ರಂದು, ನಿಂತು ಮತ್ತೆ ಶುರುವಾಗಿದ್ದ ಆನೆಗೊಂದಿ ಸೇತುವೆ ಕಟ್ಟುತ್ತಿರುವಾಗಲೇ ಹೊಳೆಗೆ ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಕೊನೆಗೆ ಸೇತುವೆ ಬಂದದ್ದು ತುಸು ಕೆಳಗೆ, ಕಡೆಬಾಗಿಲು ಮತ್ತು ಬುಕ್ಕಸಾಗರದ ನಡುವೆ.

2011ರ ಜುಲೈ 29ರಂದು ಹಂಪಿ ಬಜಾರಿನ ಮಂಟಪಗಳಲ್ಲಿ ನೆಲೆಸಿದ್ದ ಕುಟುಂಬಗಳನ್ನು ತೆರವುಗೊಳಿಸಲಾಯಿತು. ಆ ದಂಡೆಯಲ್ಲಿ ತಂಗುವ ಜಾಗ ಕಡಿಮೆಯಾದಂತೆ ಈ ದಂಡೆಗೆ ಜನ ಹೆಚ್ಚಿದರು. ಹುಲ್ಲಿನ ಗುಡಿಸಲುಗಳ ಪಕ್ಕದಲ್ಲಿ ಸಿಮೆಂಟಿನ ಕೋಣೆಗಳು ಎದ್ದವು. ನಿಜ ಹೇಳಬೇಕೆಂದರೆ ಗಡ್ಡಿಯ ಚೆಲುವಿಗೆ ಮೊದಲ ಪೆಟ್ಟು ಬಿದ್ದದ್ದು ಜೆಸಿಬಿಯಿಂದಲ್ಲ. ಗದ್ದೆಗೆ ಸುರಿದ ಕಾಂಕ್ರೀಟು, ಹೊಳೆಗೆ ಬಿಟ್ಟ ಕೊಳಕು ನೀರು ಆ ಕೆಲಸವನ್ನು ಮುಂಚೆಯೇ ಶುರು ಮಾಡಿದ್ದವು.

2019ರ ಆಗಸ್ಟ್‌ನಲ್ಲಿ ಗಡ್ಡಿ ಎಂಬ ಹೆಸರು ತನ್ನ ಅರ್ಥವನ್ನು ಮತ್ತೆ ನೆನಪಿಸಿತು. ಜಲಾಶಯದ ಗೇಟುಗಳನ್ನು ತೆರೆದಾಗ ಹೊಳೆ ಎರಡೂ ಮಗ್ಗುಲಲ್ಲಿ ಉಕ್ಕಿ, ವಿದೇಶಿಯರೂ ಸೇರಿ ನೂರಾರು ಜನ ನಡುವೆ ಸಿಕ್ಕಿಬಿದ್ದರು. ರಕ್ಷಣೆಗೆ ಹೋದ ವಿಪತ್ತು ಪಡೆಯ ದೋಣಿಯೇ ಮಗುಚಿತು. ಕೊಚ್ಚಿಹೋದ ಸಿಬ್ಬಂದಿಯನ್ನು ಹೆಲಿಕಾಪ್ಟರ್ ನೆರವಿನಿಂದ ಉಳಿಸಬೇಕಾಯಿತು.

ಅಷ್ಟರಲ್ಲಿ ಕೋರ್ಟಿನ ದಾರಿ ಕೊನೆ ಮುಟ್ಟುತ್ತಿತ್ತು. ವಾದದ ತಿರುಳು 1988ರ ಅಕ್ಟೋಬರ್ 22ರ ಸರ್ಕಾರಿ ಅಧಿಸೂಚನೆ. ಅದು ಸ್ಮಾರಕಗಳನ್ನು ಮಾತ್ರ ಸಂರಕ್ಷಿಸಿತೋ, ಅವುಗಳಿರುವ ನೆಲವನ್ನೂ ಸಂರಕ್ಷಿಸಿತೋ? ತಮ್ಮ ಪಟ್ಟಾ ಭೂಮಿಗೆ ಅದು ಅನ್ವಯಿಸದೆಂದು ಮಾಲೀಕರು ವಾದಿಸಿದರು. 2015ರಲ್ಲಿ ಹೈಕೋರ್ಟು ಅವರ ವಿರುದ್ಧ ತೀರ್ಪಿತ್ತಿತು. 2020ರ ಫೆಬ್ರುವರಿ 11ರಂದು ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿದು, ಸಂರಕ್ಷಣೆ ನೆಲಕ್ಕೂ ಸಲ್ಲುತ್ತದೆ, ಕಟ್ಟಡಗಳನ್ನು ಒಂದು ತಿಂಗಳೊಳಗೆ ತೆಗೆಯಬೇಕು ಎಂದಿತು. ಮಾರ್ಚ್ ಮೊದಲ ವಾರ ಗಡ್ಡಿ ಬಯಲಾಯಿತು. ಅದೇ ತಿಂಗಳ 24ರ ರಾತ್ರಿಯಿಂದ ದೇಶವೇ ಲಾಕ್‌ಡೌನ್ ಆಯಿತು. ಕೆಲಸ ಕಳೆದುಕೊಂಡವರಿಗೆ ಬೇರೆಡೆ ಕೂಲಿ ಹುಡುಕಲು ಸಿಕ್ಕದ್ದು ಮೂರೇ ವಾರ.

ಕಾನೂನಿನ ಕಣ್ಣಿನಲ್ಲಿ ತೀರ್ಪು ಸರಿ, ಪರಂಪರೆಯ ದೃಷ್ಟಿಯಿಂದಲೂ ಅಗತ್ಯವಾಗಿತ್ತು. ಆದರೆ ಅಧಿಸೂಚನೆಗೂ ತೆರವಿಗೂ ನಡುವೆ 31 ವರ್ಷಗಳಿವೆ. ಒಂದು ತಲೆಮಾರು ಹುಟ್ಟಿ, ಆ ಊರಿನ ದುಡಿಮೆಯಲ್ಲೇ ಓದಿ, ಮದುವೆಯಾಗುವಷ್ಟು ಕಾಲ. ಹೊಳೆಯಾಚೆಯಿಂದ ಎಲ್ಲರಿಗೂ ಕಾಣುವಂತೆ ಬೆಳೆದ ಊರನ್ನು ಅಷ್ಟು ವರ್ಷ ಬೆಳೆಯಬಿಟ್ಟು, ತೆಗೆಯಲು ಮಾತ್ರ ಒಂದೇ ತಿಂಗಳು ಕೊಟ್ಟಾಗ ನಷ್ಟ ಹೊತ್ತವರು ಮಾಲೀಕರಷ್ಟೇ ಅಲ್ಲ. ಹಾಸಿಗೆ ಬಟ್ಟೆ ಒಗೆಯುತ್ತಿದ್ದವರು, ಪಾತ್ರೆ ತಿಕ್ಕುತ್ತಿದ್ದವರು, ಬಾಡಿಗೆ ಸ್ಕೂಟರ್ ರಿಪೇರಿ ಮಾಡುತ್ತಿದ್ದವರ ಹೆಸರು ಯಾವ ಅರ್ಜಿಯಲ್ಲೂ ಇರಲಿಲ್ಲ. ಇದಕ್ಕಿಂತ ಬೇರೆ ದಾರಿ ಸಾಧ್ಯವಿತ್ತೆಂಬುದಕ್ಕೆ ಪಕ್ಕದ ಆನೆಗೊಂದಿಯೇ ಸಾಕ್ಷಿ. 1997ರಿಂದ ಅಲ್ಲಿ ಕೆಲಸ ಮಾಡುತ್ತಿರುವ ಕಿಷ್ಕಿಂಧಾ ಟ್ರಸ್ಟ್ ಹಳೆಯ ಮನೆಗಳನ್ನು ಕೆಡವದೆ ದುರಸ್ತಿ ಮಾಡಿ ಉಳಿಸಿಕೊಳ್ಳುವುದನ್ನೂ ಬಾಳೆನಾರಿನಿಂದ ಚೀಲ, ಬುಟ್ಟಿ ಹೆಣೆಯುವುದನ್ನೂ ಹೆಣ್ಣುಮಕ್ಕಳ ಆದಾಯವನ್ನಾಗಿ ಮಾಡಿದೆ.

ಗಡ್ಡಿ ಬಯಲಾದರೂ ಊರು ಕರಗಲಿಲ್ಲ, ಚದುರಿತು. ಸಾಣಾಪುರ, ಹನುಮನಹಳ್ಳಿ, ಆನೆಗೊಂದಿಯ ಸುತ್ತ ಹೋಂಸ್ಟೇಗಳು ಎದ್ದವು. ವಿದೇಶಿಯರಿಗಿಂತ ಬೆಂಗಳೂರು, ಹೈದರಾಬಾದಿನ ವಾರಾಂತ್ಯದ ತರುಣರು ಹೆಚ್ಚಾದರು. ಹನುಮ ಹುಟ್ಟಿದ ಜಾಗವೆಂದು ನಂಬಲಾದ ಅಂಜನಾದ್ರಿಯ 575 ಮೆಟ್ಟಿಲು ಹತ್ತುವ ಭಕ್ತರು ಈಗ ರಸ್ತೆ ತುಂಬುತ್ತಾರೆ. 2022ರ ರಾಜ್ಯ ಬಜೆಟ್ ಆ ಬೆಟ್ಟಕ್ಕೆ 100 ಕೋಟಿ ರೂಪಾಯಿ ಘೋಷಿಸಿತು.

2025ರ ಮಾರ್ಚ್ 6ರ ರಾತ್ರಿ ಸಾಣಾಪುರದ ಬಳಿ ಕಾಲುವೆಯ ದಂಡೆಯಲ್ಲಿ ನಕ್ಷತ್ರ ನೋಡುತ್ತ ಕೂತಿದ್ದವರ ಮೇಲೆ ದಾಳಿ ನಡೆಯಿತು. ಇಸ್ರೇಲಿ ಪ್ರವಾಸಿ ಮಹಿಳೆಯ ಮೇಲೂ ಅವರನ್ನು ಕರೆದುಕೊಂಡು ಹೋಗಿದ್ದ ಹೋಂಸ್ಟೇ ನಡೆಸುವ ಮಹಿಳೆಯ ಮೇಲೂ ಅತ್ಯಾಚಾರವಾಯಿತು; ಕಾಲುವೆಗೆ ತಳ್ಳಲ್ಪಟ್ಟ ಗಂಡಸರಲ್ಲಿ ಒಡಿಶಾದ ಪ್ರವಾಸಿಯೊಬ್ಬರು ಸತ್ತರು. ಹಲವು ವಿದೇಶಿಯರು ಸೀಸನ್ ಮುಗಿಯುವ ಮುಂಚೆಯೇ ಹೊರಟುಹೋದರು. ದೂರದಿಂದ ಬಂದವರು ಕತ್ತಲಲ್ಲಿ ನಿಶ್ಚಿಂತೆಯಿಂದ ಕೂರಬಹುದೆಂಬ ನಂಬಿಕೆಯ ಮೇಲೆ ನಿಂತಿದ್ದ ಸಮುದಾಯಕ್ಕೆ ಕೋರ್ಟಿನ ತೀರ್ಪಿಗಿಂತ ಈ ರಾತ್ರಿ ಹೆಚ್ಚು ಆಳದ ಗಾಯ ಮಾಡಿತು.

ಸಾಣಾಪುರದ ಕೆರೆಯಲ್ಲಿ ಹರಿಗೋಲುಗಳಿವೆ. ಅವು ಯಾರನ್ನೂ ಆಚೆ ದಂಡೆಗೆ ಮುಟ್ಟಿಸುವುದಿಲ್ಲ. ಹತ್ತಿಸಿಕೊಂಡ ಕಡೆಗೇ ವಾಪಸು ತಂದು ಇಳಿಸುತ್ತವೆ. ಕೆರೆಯ ನಡುವೆ ಹೋದ ಮೇಲೆ ಕೂತವರು ತಿರುಗಿಸಿ ಎನ್ನುತ್ತಾರೆ. ಅಂಬಿಗ ಹುಟ್ಟನ್ನು ಒಂದೇ ಮಗ್ಗುಲಿಗೆ ಹಾಕಿ ಎಳೆಯುತ್ತಾನೆ. ಪಾಯೆಸ್ ಕೊರತೆಯೆಂದು ಬರೆದುಕೊಂಡಿದ್ದ ಗಿರಕಿ ಜೋರಾಗುತ್ತದೆ, ಬಂಡೆ, ಆಕಾಶ, ಭತ್ತದ ಹಸಿರು ಎಲ್ಲ ಒಂದರೊಳಗೊಂದು ಕಲೆಸುತ್ತವೆ, ಮಕ್ಕಳು ಕೂಗುತ್ತಾರೆ. ಆಮೇಲೆ ಅವನು ಹುಟ್ಟನ್ನು ಇನ್ನೊಂದು ಮಗ್ಗುಲಿಗೆ ಬದಲಿಸಿ, ದೋಣಿಯನ್ನು ನಿಲ್ಲಿಸಿ, ದಂಡೆಯ ಕಡೆಗೆ ಹೊರಳಿಸುತ್ತಾನೆ.