ಕೇಬಲ್ ಪಳಗಿಸುವಿಕೆ

ಕೇಬಲ್ ಪಳಗಿಸುವಿಕೆ ಎಂಬುದು ಧ್ವನಿ ಉಪಕರಣಗಳನ್ನು ಜೋಡಿಸುವ ಹೊಸ ಕೇಬಲ್‌ಗಳ ಗುಣವನ್ನು ತೀರ್ಮಾನಿಸುವ ಮೊದಲು ಅವುಗಳಲ್ಲಿ ಹಲವು ಗಂಟೆಗಳ ಕಾಲ ಸಂಗೀತವನ್ನೋ ಪರೀಕ್ಷಾ ಸಂಕೇತವನ್ನೋ ಹರಿಸಬೇಕೆಂಬ ರೂಢಿ. ಇಂಗ್ಲಿಷಿನಲ್ಲಿ ಇದನ್ನು ಬ್ರೇಕ್-ಇನ್ ಅಥವಾ ಬರ್ನ್-ಇನ್ ಎನ್ನುತ್ತಾರೆ. ಆಡಿಯೊಫೈಲ್‌ಗಳೆಂದು ಕರೆಯಲಾಗುವ ಹವ್ಯಾಸಿಗಳಲ್ಲಿ ಇದು ಪ್ರಚಲಿತವಾಗಿದೆ. ಹೀಗೆ ಬಳಸಿದ ಮಾತ್ರಕ್ಕೆ ಕೇಬಲ್‌ನ ಧ್ವನಿ ಕಿವಿಗೆ ತಿಳಿಯುವಷ್ಟು ಬದಲಾಗುತ್ತದೆ ಎಂಬುದು ಮಾಪನಗಳಿಂದಾಗಲಿ ನಿಯಂತ್ರಿತ ಶ್ರವಣ ಪರೀಕ್ಷೆಗಳಿಂದಾಗಲಿ ದೃಢಪಟ್ಟಿಲ್ಲ.

ಪ್ರತಿಪಾದಕರ ವಾದ

ಹೊಸ ಕೇಬಲ್ ಮೊದಲಿಗೆ ಗಡುಸಾಗಿ ಕೇಳಿಸುತ್ತದೆ, ಕ್ರಮೇಣ ಧ್ವನಿ ಮೃದುವಾಗಿ ತೆರೆದುಕೊಳ್ಳುತ್ತದೆ ಎಂಬುದು ಸಾಮಾನ್ಯ ವರ್ಣನೆ. ಇದಕ್ಕೆ ಬೇಕಾದ ಅವಧಿಯನ್ನು ಕೆಲವರು ಹತ್ತಾರು ಗಂಟೆ ಎಂದರೆ ಕೆಲವರು ನೂರಾರು ಗಂಟೆ ಎನ್ನುತ್ತಾರೆ. ಈ ಕೆಲಸಕ್ಕೆಂದೇ ತಯಾರಿಸಿದ ಯಂತ್ರಗಳೂ ಮಾರುಕಟ್ಟೆಯಲ್ಲಿವೆ. ತಾಮ್ರದ ಹರಳುಗಳ ಜೋಡಣೆ ಬದಲಾಗುವುದು, ತಂತಿಯ ಹೊದಿಕೆಯಾದ ಪಾಲಿಥೀನ್ ಅಥವಾ ಟೆಫ್ಲಾನ್ ವಿದ್ಯುದಾವೇಶವನ್ನು ಹೀರಿ ಸ್ಥಿರಗೊಳ್ಳುವುದು ಎಂಬ ಎರಡು ಕಾರಣಗಳನ್ನು ಮುಖ್ಯವಾಗಿ ಹೇಳಲಾಗುತ್ತದೆ.

ಭೌತಿಕ ಹಿನ್ನೆಲೆ

ತಾಮ್ರದ ಹರಳುಗಳ ರಚನೆ ಬದಲಾಗಬೇಕಾದರೆ ಲೋಹವನ್ನು ಚೆನ್ನಾಗಿ ಕಾಯಿಸಬೇಕು. ಮನೆಯ ಸ್ಪೀಕರ್ ತಂತಿಯಲ್ಲಿ ಹರಿಯುವ ವಿದ್ಯುತ್ತು ಸಾಮಾನ್ಯವಾಗಿ ಅದನ್ನು ಕೈಗೆ ತಿಳಿಯುವಷ್ಟೂ ಬಿಸಿ ಮಾಡುವುದಿಲ್ಲ. ಹೊದಿಕೆಯು ಸ್ವಲ್ಪ ಆವೇಶವನ್ನು ಹೀರಿಕೊಳ್ಳುವುದು ನಿಜವೇ. ಆದರೆ ಅದು ಆ ವಸ್ತುವಿನ ಸ್ವಭಾವವೇ ಹೊರತು ಬಳಕೆಯಿಂದ ಕಲಿತುಕೊಳ್ಳುವ ಗುಣವಲ್ಲ.

ಒಂದು ಲೆಕ್ಕದಿಂದ ಇದು ಸ್ಪಷ್ಟವಾಗುತ್ತದೆ. 2.5 ಚದರ ಮಿಲಿಮೀಟರ್ ದಪ್ಪದ, 5 ಮೀಟರ್ ಉದ್ದದ ತಾಮ್ರದ ಜೋಡಿತಂತಿಯ ರೋಧ ಹೋಗಿಬರುವ ಎರಡೂ ಎಳೆ ಸೇರಿ ಸುಮಾರು 0.07 ಓಮ್. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ತಾಮ್ರದ ರೋಧ ಸುಮಾರು ಶೇ. 4ರಷ್ಟು, ಅಂದರೆ ಇಲ್ಲಿ 0.003 ಓಮ್‌ನಷ್ಟು ಹೆಚ್ಚುತ್ತದೆ. 8 ಓಮ್‌ನ ಸ್ಪೀಕರಿನ ಎದುರು ಇದು ನಗಣ್ಯ. ಬೆಳಗಿಗೂ ಮಧ್ಯಾಹ್ನಕ್ಕೂ ಆಗುವ ಈ ಬದಲಾವಣೆಯನ್ನು ಯಾರೂ ದೂರುವುದಿಲ್ಲವೆಂಬುದು ಗಮನಾರ್ಹ.

ಪಳಗುವಿಕೆ ಎಲ್ಲೆಡೆಯೂ ಭ್ರಮೆಯೇನಲ್ಲ. ಹೊಸ ಕಬ್ಬಿಣದ ಕಾವಲಿಯನ್ನು ಎಣ್ಣೆ ಸವರಿ ಕಾಯಿಸಿ ಪಳಗಿಸಿದಾಗ ಅದರ ಮೇಲೆ ನಿಜವಾಗಿಯೂ ಒಂದು ಪದರ ಕಟ್ಟುತ್ತದೆ. ಸ್ಪೀಕರಿನ ಕೋನ್ ಅನ್ನು ಹಿಡಿದಿರುವ ಅಂಚು ಬಳಕೆಯಿಂದ ಸಡಿಲಗೊಂಡು ಅದರ ಅನುರಣನ ಆವೃತ್ತಿ ಕೊಂಚ ಇಳಿಯುವುದನ್ನು ಅಳೆಯಬಹುದು. ಕೇಬಲ್‌ನಲ್ಲಿ ಹಾಗೆ ಚಲಿಸುವ ಭಾಗವೇ ಇಲ್ಲ.

ಶ್ರವಣ ಮತ್ತು ಪರೀಕ್ಷೆ

ಬದಲಾವಣೆ ಕೇಳಿಸಿತೆನ್ನುವವರು ಸುಳ್ಳು ಹೇಳುತ್ತಾರೆಂದು ಭಾವಿಸಬೇಕಾಗಿಲ್ಲ. ಧ್ವನಿಯ ಸೂಕ್ಷ್ಮ ವಿವರಗಳ ನೆನಪು ಕೆಲವೇ ಕ್ಷಣಗಳಲ್ಲಿ ಮಸುಕಾಗುತ್ತದೆ. ಮೂರು ವಾರಗಳ ಹಿಂದೆ ಕೇಳಿದ್ದನ್ನು ಇಂದಿನದರೊಡನೆ ಹೋಲಿಸುವಾಗ ನಿರೀಕ್ಷೆಯೇ ನೆನಪಿನ ಸ್ಥಾನವನ್ನು ಆಕ್ರಮಿಸುತ್ತದೆ. ಅಷ್ಟರಲ್ಲಿ ಕಿವಿಯೂ ಹೊಸ ಧ್ವನಿಗೆ ಒಗ್ಗಿಕೊಂಡಿರುತ್ತದೆ. ಪಳಗಿದ್ದು ಕೇಳುಗನೇ ಎನ್ನಬಹುದು.

ಇದನ್ನು ಪರೀಕ್ಷಿಸಲು ಒಂದೇ ಬಗೆಯ ಎರಡು ಕೇಬಲ್‌ಗಳು ಸಾಕು. ಒಂದನ್ನು 200 ಗಂಟೆ ಬಳಸಿ, ಇನ್ನೊಂದನ್ನು ಪೊಟ್ಟಣದಲ್ಲಿಯೇ ಇಡಬೇಕು. ಬಳಿಕ ಯಾವುದು ಜೋಡಣೆಯಾಗಿದೆ ಎಂಬುದು ಕೇಳುಗನಿಗಾಗಲಿ ಪರೀಕ್ಷಕನಿಗಾಗಲಿ ತಿಳಿಯದಂತೆ, ಧ್ವನಿಮಟ್ಟವನ್ನು ಸಮವಾಗಿರಿಸಿ 16 ಬಾರಿ ಕೇಳಿಸಬೇಕು. ಇದಕ್ಕೆ ಎಬಿಎಕ್ಸ್ ಎಂಬ ಹೋಲಿಕೆ ವಿಧಾನ ಬಳಕೆಯಲ್ಲಿದೆ. ಬರಿಯ ಊಹೆಯಿಂದ 12 ಅಥವಾ ಹೆಚ್ಚು ಬಾರಿ ಸರಿಯಾಗಿ ಗುರುತಿಸುವ ಸಂಭವ ಶೇ. 4ಕ್ಕಿಂತ ಕಡಿಮೆ.

ಗ್ರಾಹಕರ ದೃಷ್ಟಿ

ಪಳಗಿಸುವ ಅವಧಿ ಹಲವು ವಾರಗಳಿಗೆ ಹಬ್ಬಿದರೆ, ಸರಕನ್ನು ಹಿಂದಿರುಗಿಸಲು ಮಾರಾಟಗಾರರು ನೀಡುವ ಗಡುವು ಅಷ್ಟರಲ್ಲಿ ಮುಗಿದುಹೋಗುವ ಸಾಧ್ಯತೆಯಿದೆ. ಗುಂಯ್‌ಗುಡುವಿಕೆ, ಸಡಿಲವಾದ ಪ್ಲಗ್, ಧ್ವನಿ ಕಡಿದುಹೋಗುವುದು ಮುಂತಾದ ದೋಷಗಳು ಎಷ್ಟು ಗಂಟೆ ಬಳಸಿದರೂ ಸರಿಹೋಗುವಂಥವಲ್ಲ; ಅವು ಮೊದಲ ದಿನವೇ ಪತ್ತೆಯಾಗುತ್ತವೆ.